ಮೆಟ್ಟಿಲ ಮೇಲೊಂದು ದಾನ

ಒಬ್ಬನನ್ನು ಅವನ ವಾಹನದ ಮೇಲೆ ಹತ್ತಿಸಲು ನೆರವಾಗುವುದು, ಅವನ ಸಾಮಾನನ್ನು ಎತ್ತಿ ಕೊಡುವುದು ಕೂಡಾ ದಾನವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳೆರಡರಲ್ಲೂ ಈ ಹದೀಸ್ ಇದೆ. ಅಂದಿನ ವಾಹನ ಒಂಟೆ, ಕುದುರೆ. ಇಂದು ಕಾಲಿಗೆ ಬಲವಿಲ್ಲದ ನಮ್ಮ ಹಿರಿಯರಿಗೆ ಹತ್ತಲು ಕಷ್ಟವಾಗಿರುವುದು ಸ್ವಂತ ಮನೆಯ ಮೆಟ್ಟಿಲು.

ನಮ್ಮ ರಾಯಚೂರು ಸೀಮೆಯ ಬಿಸಿಲು ಎಲ್ಲರಿಗೂ ಗೊತ್ತು. ಬೇಸಿಗೆಯ ರಾತ್ರಿ ಮಾಳಿಗೆಯೇ ಆಸರೆ. ಹಳೆಯ ಮನೆಗಳ ಕಲ್ಲಿನ ಮೆಟ್ಟಿಲುಗಳಾದರೋ ಕಡಿದು, ಹಿಡಿಯಲು ಕಂಬಿಯೂ ಇರುವುದಿಲ್ಲ. ದೇವದುರ್ಗದ ನಮ್ಮ ಮನೆಯೂ ಅಂಥದೇ. ತಾಯಿಗೆ ಪಾರ್ಶ್ವವಾಯು ಬಡಿದು ಎಡಗಾಲು ಸೋತ ವರ್ಷ, ರಮಝಾನಿನ 29ರ ಸಂಜೆ, "ನಾನೂ ಚಾಂದ್ ನೋಡಬೇಕು" ಎಂದರು. "ನೀವ್ಯಾಕೆ ಅಮ್ಮೀ, ಕಂಡರೆ ನಾವೇ ಬಂದು ಹೇಳುತ್ತೇವೆ" ಎಂದೆ. ಅವರು ಸುಮ್ಮನಾದರು. ಆ ಮೌನ ನನ್ನನ್ನು ಚುಚ್ಚಿತು. ಕೂಡಲೇ ಮೇಲಿನ ಮೆಟ್ಟಿಲಲ್ಲಿ ನಿಂತು ಅವರ ಕೈ ಹಿಡಿದೆಳೆದೆ. ಮೂರನೆಯ ಮೆಟ್ಟಿಲಲ್ಲೇ ಮುಗ್ಗರಿಸಿ ಕುಳಿತುಬಿಟ್ಟರು. ಅಲ್ಲಾಹನ ಕೃಪೆಯಿಂದ ಗಾಯವಾಗಲಿಲ್ಲ. ಆದರೆ ಸೇವೆಗೆ ಪ್ರೀತಿಯೊಂದೇ ಸಾಲದು, ತಿಳಿವಳಿಕೆಯೂ ಬೇಕೆಂದು ಅಂದು ಅರಿತೆ. ಆಮೇಲೆ ರಾಯಚೂರಿನ ಫಿಸಿಯೋಥೆರಪಿ ತಜ್ಞರೊಬ್ಬರು ಕಲಿಸಿದ ಕ್ರಮವನ್ನು ಇಲ್ಲಿ ಹೇಳುತ್ತೇನೆ.

1. ಮೆಟ್ಟಿಲು ಹತ್ತಿಸಬಹುದೇ ಎಂದು ಮೊದಲು ವೈದ್ಯರನ್ನು ಕೇಳಿರಿ. ಅಂದು ತಲೆ ಸುತ್ತುತ್ತಿದ್ದರೆ ಬೇಡವೇ ಬೇಡ.

2. ಹತ್ತುವಾಗ ಗಟ್ಟಿ ಕಾಲು ಮೊದಲು. ಸೋತ ಕಾಲು ಮತ್ತು ಊರುಗೋಲು ಅನಂತರ. ಇಳಿಯುವಾಗ ಊರುಗೋಲು ಮತ್ತು ಸೋತ ಕಾಲು ಮೊದಲು, ಗಟ್ಟಿ ಕಾಲು ಅನಂತರ. ಭಾರವನ್ನು ಎತ್ತುವುದೂ ಮೆಲ್ಲನೆ ಇಳಿಸುವುದೂ ಗಟ್ಟಿ ಕಾಲಿನದೇ ಕೆಲಸ. ಎರಡೂ ಪಾದಗಳು ಒಂದೇ ಮೆಟ್ಟಿಲಿಗೆ ಬಂದ ಮೇಲೆ ಮುಂದಿನ ಹೆಜ್ಜೆ.

3. ನೆರವಾಗುವವರು ಯಾವಾಗಲೂ ಕೆಳಗಿನ ಮೆಟ್ಟಿಲಲ್ಲಿರಬೇಕು: ಹತ್ತುವಾಗ ಅವರ ಹಿಂದೆ, ಇಳಿಯುವಾಗ ಮುಂದೆ, ಸೋತ ಬದಿಗೆ ತುಸು ಸರಿದು. ತೋಳು ಹಿಡಿದು ಎಳೆಯಬಾರದು. ಸೊಂಟಕ್ಕೆ ಅಗಲವಾದ ಗಟ್ಟಿ ಪಟ್ಟಿ ಕಟ್ಟಿ, ಅದನ್ನು ಹಿಡಿದಿರಬೇಕು. ಕುಸಿಯತೊಡಗಿದರೆ ಎತ್ತಲು ಹೆಣಗದೆ ಮೆಲ್ಲನೆ ಮೆಟ್ಟಿಲ ಮೇಲೆ ಕೂರಿಸಿರಿ.

4. ಕಂಬಿ ಎರಡೂ ಬದಿಗೆ ಬೇಕು. ಎಡಗೈ ಸೋತವರಿಗೆ ಹತ್ತುವಾಗ ಬಲಕ್ಕಿದ್ದ ಕಂಬಿ, ಇಳಿಯುವಾಗ ಎಡಕ್ಕೆ ಬಂದು ನಿರುಪಯೋಗಿಯಾಗುತ್ತದೆ.

5. ವುಝೂ ಮಾಡಿದ ಒದ್ದೆ ಪಾದಗಳನ್ನು ಒರೆಸಿರಿ. ಸಡಿಲ ಚಪ್ಪಲಿ, ನೆಲಕ್ಕೆ ತಾಗುವ ಉಡುಪು ಬೇಡ. ಮೆಟ್ಟಿಲ ಅಂಚಿಗೆ ಬಿಳಿ ಬಣ್ಣ ಬಳಿದು, ಫಜ್ರ್‌ನ ಕತ್ತಲೆಗೆ ಒಂದು ದೀಪವಿಡಿರಿ.

ಹೊಸ ಮನೆ ಕಟ್ಟುವವರು ಮೆಟ್ಟಿಲ ಎತ್ತರ 19 ಸೆಂ.ಮೀ. ಮೀರದಂತೆ, ಅಗಲ 25 ಸೆಂ.ಮೀ.ಗಿಂತ ಕಡಿಮೆಯಾಗದಂತೆ ನೋಡಿಕೊಳ್ಳಲಿ. ಇಂದಿನ ಯುವಕನೇ ನಾಳೆಯ ವೃದ್ಧ.

ಕೆಲವರಿಗೆ ಮೆಟ್ಟಿಲು ಸಾಧ್ಯವೇ ಇಲ್ಲ. ಅಂಥವರಿಗೆ ಕೆಳಗಿನ ಕೋಣೆಯೇ ಲೇಸು. ಆದರೆ ಅಲ್ಲೂ ಒಂದು ಎಚ್ಚರ ಬೇಕು. ಮಾನ್ವಿಯ ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಅಜ್ಜನ ಮಂಚವನ್ನು ಕೆಳಗಿಳಿಸಿದರು. ಮಕ್ಕಳು ಮೊಮ್ಮಕ್ಕಳು ಮೇಲೆ ಕೂಡಿ ಉಣ್ಣುತ್ತಿದ್ದರು. ಅಜ್ಜನ ತಟ್ಟೆ ಮಾತ್ರ ಕೆಳಗೆ ಬರುತ್ತಿತ್ತು. ಸೂರಃ ಅನ್ನೂರ್‌ನ 61ನೇ ಸೂಕ್ತದಲ್ಲಿ ಕುರುಡ, ಕುಂಟ, ರೋಗಿಗಳನ್ನು ಹೆಸರಿಸಿಯೇ ಮನೆಯವರ ಊಟದ ವಿಷಯ ಹೇಳಲಾಗಿದೆ. ಅವರನ್ನು ಬೇರೆ ಕೂರಿಸುವ ರೂಢಿಯನ್ನು ಅದು ತೊಡೆಯಿತೆಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಅಜ್ಜನಿಗೆ ಮೇಲೆ ಹೋಗಲಾಗದಿದ್ದರೆ ದಸ್ತರ್‌ಖಾನ್ ಕೆಳಗಿಳಿಯಲಿ!

ಮಾತಾಪಿತರಿಗೆ 'ಉಫ್' ಎನ್ನಬಾರದೆಂಬ ಆಜ್ಞೆ ನಮಗೆಲ್ಲ ಬಾಯಿಪಾಠ. ಮೆಟ್ಟಿಲಲ್ಲಿ ಅವರು ತಡೆದು ನಿಂತಾಗ ನಾವು ಬಿಡುವ ನಿಟ್ಟುಸಿರೂ 'ಉಫ್' ಅಲ್ಲವೇ?

ಮರುವರ್ಷ ರಮಝಾನಿನ 29ರಂದು ನಾನು ಅಮ್ಮಿಯ ಹಿಂದೆ, ಒಂದು ಮೆಟ್ಟಿಲು ಕೆಳಗಿದ್ದೆ. ನಿಂತು ನಿಂತು ಮಾಳಿಗೆ ತಲುಪುವಷ್ಟರಲ್ಲಿ ಕಾಲು ಗಂಟೆಯಾಯಿತು. ಅಂದು ಚಾಂದ್ ಕಾಣಲಿಲ್ಲ. "ಹಾಗಾದರೆ ನಾಳೆ ಇನ್ನೊಂದು ರೋಝಾ. ನಾಳೆಯೂ ಹತ್ತಿಸುತ್ತೀಯಲ್ಲ?" ಎಂದು ಅಮ್ಮಿ ನಕ್ಕರು.

ನಮ್ಮ ಹಿರಿಯರ ಕೈ ಹಿಡಿಯುವ ತಾಳ್ಮೆಯನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.