ಝುಕಿನಿ ಪಕೋಡ ಗರಿಗರಿಯಾಗಬೇಕಾದರೆ

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಮಗಳ ಮನೆಗೆ ಬಂದಿದ್ದೇನೆ. ಹಿತ್ತಲಲ್ಲಿ ಝುಕಿನಿ ರಾಶಿ ರಾಶಿ ಬಿಡುತ್ತಿದೆ. ತುರಿದು, ಕಡಲೆಹಿಟ್ಟು ಕಲಸಿ ಪಕೋಡ ಮಾಡಿದರೆ ಮೊದಲ ಒಬ್ಬೆ ಪರವಾಗಿಲ್ಲ. ಆಮೇಲೆ ಹಿಟ್ಟು ನೀರಾಗುತ್ತದೆ. ಮತ್ತಷ್ಟು ಹಿಟ್ಟು ಹಾಕಿದರೆ ಒಳಗೆಲ್ಲ ಹಸಿ ಹಸಿ. ಏನು ಮಾಡಲಿ?
– ಒಬ್ಬ ಓದುಗರು

ಉತ್ತರ: ಝುಕಿನಿಯ ತೂಕದಲ್ಲಿ ಸುಮಾರು ಶೇ. 95ರಷ್ಟು ನೀರೇ. ತುರಿಗೆ ಉಪ್ಪು ತಗುಲಿದ ಕೂಡಲೇ ಆ ನೀರು ಬಿಟ್ಟುಕೊಳ್ಳತೊಡಗುತ್ತದೆ. ಮೊದಲ ಒಬ್ಬೆ ಬೇಯುವಷ್ಟರಲ್ಲಿ ಪಾತ್ರೆಯಲ್ಲಿ ಉಳಿದದ್ದು ಸಡಿಲವಾಗಿರುತ್ತದೆ. ಇದಕ್ಕೆ ಹಿಟ್ಟು ಸುರಿಯುವುದು ಮದ್ದಲ್ಲ. ಉಪ್ಪು ಹೇಗೂ ನೀರು ಬಿಡಿಸುತ್ತದೆಯಲ್ಲ, ಆ ಕೆಲಸವನ್ನು ಹಿಟ್ಟು ಕಲಸುವ ಮೊದಲೇ ಮಾಡಿಸಿ.

ಗೇಣುದ್ದದ ಎಳೆ ಕಾಯಿ ಆರಿಸಿಕೊಳ್ಳಿ. ಸಿಪ್ಪೆ ತೆಗೆಯಬೇಕಿಲ್ಲ. ಬಲಿತಿದ್ದರೆ ಬೀಜ, ತಿರುಳು ಕೆರೆದು ಹಾಕಿ. ತುರಿಮಣೆಯ ದೊಡ್ಡ ಹಲ್ಲಿನಲ್ಲಿ ತುರಿದು, ಅರ್ಧ ಕಿಲೋ ತುರಿಗೆ ಒಂದು ಟೀ ಚಮಚ ಉಪ್ಪು ಬೆರೆಸಿ ಕಾಲು ಗಂಟೆ ಬಿಡಿ. ಆಮೇಲೆ ತೆಳು ಬಟ್ಟೆಯಲ್ಲಿ ಕಟ್ಟಿ ಬಲವಾಗಿ ಹಿಂಡಿ. ಧಾರೆಯಾಗಿ ಇಳಿಯುವ ತಿಳಿಹಸಿರು ನೀರು ಹನಿಹನಿಯಾಗಿ ನಿಲ್ಲುವವರೆಗೂ ಬಿಡಬೇಡಿ. ಕೈಯಲ್ಲಿ ಉಳಿಯುವ ತುರಿ ಉದುರುದುರಾಗಿರಬೇಕು. ಆ ನೀರನ್ನು ಚೆಲ್ಲದೆ ಚಪಾತಿ ಹಿಟ್ಟು ಕಲಸಲು ಬಳಸಿ. ಅದರಲ್ಲಿ ಉಪ್ಪಿದೆ ಎಂಬುದು ನೆನಪಿರಲಿ.

ಹಿಂಡಿದ ತುರಿಗೆ ಮುಕ್ಕಾಲು ಬಟ್ಟಲು ಕಡಲೆಹಿಟ್ಟು, ಮೂರು ದೊಡ್ಡ ಚಮಚ ಅಕ್ಕಿಹಿಟ್ಟು, ಹೆಚ್ಚಿದ ಹಸಿಮೆಣಸಿನಕಾಯಿ, ಶುಂಠಿ, ಓಮ, ಇಂಗು ಸೇರಿಸಿ. ಗರಿಗರಿ ಬರುವುದು ಅಕ್ಕಿಹಿಟ್ಟಿನಿಂದ. ನೀರು ಮುಟ್ಟಿಸಬೇಡಿ. ಉಪ್ಪು ಸಾಲದೆ ಇದ್ದರಷ್ಟೇ ಹಾಕಿ. ಈರುಳ್ಳಿಯೂ ನೀರು ಬಿಡುವುದರಿಂದ ಕೊನೆಯಲ್ಲಿ ಹಾಕಿ, ಕಲಸಿದ ಕೂಡಲೇ ಕರಿಯಿರಿ.

ಎಣ್ಣೆ 175ರಿಂದ 180 ಡಿಗ್ರಿ ಸೆಲ್ಸಿಯಸ್ ಇರಲಿ. ಚೂರು ಹಿಟ್ಟು ಬಿಟ್ಟರೆ ಗುಳ್ಳೆಯೇಳುತ್ತಾ ತಕ್ಷಣ ಮೇಲೆ ಬರಬೇಕು. ಬಾಣಲೆ ತುಂಬಾ ಒಟ್ಟಿಗೇ ಬಿಟ್ಟರೆ ಎಣ್ಣೆ ತಣಿದು ಪಕೋಡ ಎಣ್ಣೆ ಕುಡಿಯುತ್ತದೆ. ಕರಿದದ್ದನ್ನು ರಾಶಿ ಹಾಕದೆ ಜಾಲರಿಯ ಮೇಲೆ ಹರಡಿ. ಇಲ್ಲವಾದರೆ ತನ್ನದೇ ಹಬೆಗೆ ಮೆತ್ತಗಾಗುತ್ತದೆ.

ಟರ್ಕಿಯವರು ಇದೇ ಕಾಯಿಯಿಂದ ಮಾಡುವ ಮುಜ್ವೆರ್‌ಗೂ ತುರಿಯನ್ನು ಹೀಗೆಯೇ ಹಿಂಡುತ್ತಾರೆ. ಅವರು ಮೊಟ್ಟೆ, ಮೈದಾ ಹಾಕುತ್ತಾರೆ. ಘಮಕ್ಕೆ ಬಳಸುವುದು ಮಾತ್ರ ನಾವು ವಡೆಗೆ ಹಾಕುವ ಸಬ್ಬಸಿಗೆ ಸೊಪ್ಪನ್ನೇ. ನೀವೂ ಒಂದು ಹಿಡಿ ಹಾಕಿ ನೋಡಿ, ಸಪ್ಪೆ ಕಾಯಿಗೆ ಬಲು ಚೆನ್ನಾಗಿ ಒಪ್ಪುತ್ತದೆ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ತುರಿಯುವ ಮೊದಲು ಪ್ರತಿ ಕಾಯಿಯ ಸಣ್ಣ ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿಯಿದ್ದರೆ ಉಗುಳಿ, ಇಡೀ ಕಾಯಿಯನ್ನು ಎಸೆಯಿರಿ. ಕುಂಬಳದ ಜಾತಿಯ ಕಾಯಿಗಳಿಗೆ ಆ ಕಹಿ ಬರುವುದು ಕುಕುರ್ಬಿಟಾಸಿನ್ ಎಂಬ ವಿಷದಿಂದ. ಕರಿದರೂ ಬೇಯಿಸಿದರೂ ಅದು ಹೋಗದು. ಹಿಂದಿನ ವರ್ಷದ ಬೀಜ ಎತ್ತಿಟ್ಟು ಬೆಳೆದ ಗಿಡಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಕಹಿ ಸೋರೆಕಾಯಿಯ ರಸ ಕುಡಿದು ಜೀವ ಕಳೆದುಕೊಂಡವರು ನಮ್ಮ ದೇಶದಲ್ಲೂ ಇದ್ದಾರೆ.

ಊರಿಗೆ ಮರಳಿದ ಮೇಲೆ ಝುಕಿನಿ ಸಿಗದಿದ್ದರೂ ಚಿಂತೆಯಿಲ್ಲ. ಎಳೆ ಸೋರೆಕಾಯಿ, ಸೀಮೆಬದನೆಕಾಯಿಗೂ ಇದೇ ಕ್ರಮ: ರುಚಿ ನೋಡಿ, ಉಪ್ಪು ಬೆರೆಸಿ, ಹಿಂಡಿ, ಆಮೇಲೆ ಹಿಟ್ಟು.