ಇಂಗಾಲದ ಸಂಚಾರ

ವೀಳ್ಯದೆಲೆಗೆ ಸವರುವ ಸುಣ್ಣವನ್ನು ನೋಡದವರಿಲ್ಲ. ಅದು ಎಲ್ಲಿಂದ ಬಂದಿತೆಂದು ವಿಚಾರಿಸಿದವರು ವಿರಳ. ಸುಣ್ಣದ ಕಲ್ಲನ್ನು, ಕರಾವಳಿಯಲ್ಲಾದರೆ ಕಪ್ಪೆಚಿಪ್ಪನ್ನು, ಗೂಡಿನಲ್ಲಿಟ್ಟು ಸುಟ್ಟಾಗ ಸುಟ್ಟ ಸುಣ್ಣ ದೊರೆಯುತ್ತದೆ. ಹೀಗೆ ಸುಡುವಾಗ ಕಲ್ಲಿನ ತೂಕ ಬಹಳವಾಗಿ ಇಳಿಯುತ್ತದೆ. ನೂರು ಕಿಲೋ ಶುದ್ಧವಾದ ಕಲ್ಲನ್ನು ಗೂಡಿಗೆ ತುಂಬಿದರೆ ಹೊರಬರುವುದು ಐವತ್ತಾರು ಕಿಲೋ ಸುಣ್ಣ ಮಾತ್ರ. ಉಳಿದ ನಲವತ್ತನಾಲ್ಕು ಕಿಲೋ ಏನಾಯಿತು? ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬ ವಿದ್ವಾಂಸನು 1750ರ ದಶಕದಲ್ಲಿ ಇಂಥದೇ ಪ್ರಶ್ನೆಯನ್ನು ತಕ್ಕಡಿ ಹಿಡಿದು ಕೇಳಿದನು. ಕಲ್ಲಿನೊಳಗೆ ಸೆರೆಯಾಗಿದ್ದ ಒಂದು ವಾಯು ಕಾಯಿಸಿದಾಗ ಬಿಡುಗಡೆಯಾಗುತ್ತದೆಂದು ಅವನು ತೋರಿಸಿಕೊಟ್ಟನು. ಇಂದು ನಾವು ಇಂಗಾಲದ ಡೈಆಕ್ಸೈಡು ಎಂದು ಕರೆಯುವ ಅನಿಲವೇ ಅದು.

ಸುಣ್ಣದ ಕಥೆ ಇಲ್ಲಿಗೇ ಮುಗಿಯುವುದಿಲ್ಲ. ನೀರು ಹೊಯ್ದು ಅರಳಿಸಿದ ಸುಣ್ಣವನ್ನು ಗೋಡೆಗೆ ಬಳಿದರೆ, ಅದು ಗಾಳಿಯಿಂದ ಅದೇ ಅನಿಲವನ್ನು ಮೆಲ್ಲಮೆಲ್ಲನೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಹಳೆಯ ಕಾಲದ ಗಾರೆಯ ಗೋಡೆಗಳು ವರ್ಷ ಕಳೆದಂತೆ ಗಟ್ಟಿಯಾಗುತ್ತಿದ್ದುದರ ಗುಟ್ಟು ಇದೇ. ಕಲ್ಲಿನಿಂದ ಗಾಳಿಗೆ, ಗಾಳಿಯಿಂದ ಕಲ್ಲಿಗೆ ಇಂಗಾಲವು ಹೀಗೆ ಒಂದು ಸುತ್ತು ಬಂದಿತು. ಭೂಮಂಡಲದಲ್ಲಿ ಇದೇ ಬಗೆಯ ಸಂಚಾರವು ಬಹು ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿದೆ.

ಆ ಸಂಚಾರದಲ್ಲಿ ಬೇಗನೆ ಮುಗಿಯುವ ಸುತ್ತು ಒಂದು, ನಿಧಾನವಾದುದು ಇನ್ನೊಂದು. ಬೇಗನೆ ಮುಗಿಯುವುದು ಹಸುರೆಲೆಯ ಸುತ್ತು. ಎಲೆಯು ಬಿಸಿಲಿನ ನೆರವಿನಿಂದ ಗಾಳಿಯ ಇಂಗಾಲವನ್ನು ಸಕ್ಕರೆಯಾಗಿ, ನಾರಾಗಿ, ಮರವಾಗಿ ಮಾರ್ಪಡಿಸುತ್ತದೆ. ನೆಲದ ಮೇಲಿನ ಸಸ್ಯಗಳೆಲ್ಲ ಸೇರಿ ವರ್ಷವೊಂದಕ್ಕೆ ಸುಮಾರು 12,000 ಕೋಟಿ ಟನ್ ಇಂಗಾಲವನ್ನು ಹೀಗೆ ಸೆಳೆದುಕೊಳ್ಳುತ್ತವೆ. ಆದರೆ ಪಡೆದುದನ್ನು ಅವು ಬಹುಕಾಲ ಇಟ್ಟುಕೊಳ್ಳುವುದಿಲ್ಲ. ಸಸ್ಯಗಳೂ ಅವನ್ನು ತಿಂದ ಪ್ರಾಣಿಗಳೂ ಉಸಿರಾಡುವಾಗ, ಉದುರಿದ ತರಗೆಲೆ ಕೊಳೆಯುವಾಗ, ಒಲೆಯಲ್ಲಿ ಸೌದೆ ಉರಿಯುವಾಗ, ಅದರ ಬಹುಪಾಲು ಗಾಳಿಗೆ ಮರಳುತ್ತದೆ. ಕಡಲಿನ ಮೇಲ್ಮೈಯೂ ಗಾಳಿಯೊಡನೆ ಇಂಥದೇ ಕೊಡುಕೊಳ್ಳುವಿಕೆಯನ್ನು ಎಡೆಬಿಡದೆ ನಡೆಸುತ್ತದೆ.

ನಿಧಾನದ ಸುತ್ತು ಕಲ್ಲಿನದು. ಮಳೆಯ ಹನಿಯು ಬೀಳುವಾಗ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಆಮ್ಲವಾಗುತ್ತದೆ. ಆ ನೀರು ಬಂಡೆಗಳನ್ನು ಕಣ್ಣಿಗೆ ಕಾಣದಂತೆ ಕೊರೆಯುತ್ತದೆ. ಪಶ್ಚಿಮ ಘಟ್ಟದ ಉತ್ತರ ಭಾಗದಲ್ಲಿರುವ ಕರಿಕಲ್ಲಿನ ಮೇಲೆ ಮುಂಗಾರು ಮಾಡುವ ಕೆಲಸ ಇದೇ. ಹೀಗೆ ಕರಗಿದ ಸುಣ್ಣದ ಅಂಶವನ್ನೂ ಇಂಗಾಲವನ್ನೂ ಕೃಷ್ಣೆಯಂಥ ನದಿಗಳು ಕಡಲಿಗೆ ಒಯ್ಯುತ್ತವೆ. ಅಲ್ಲಿ ಹವಳದ ಜೀವಿಗಳೂ ಕಪ್ಪೆಚಿಪ್ಪಿನ ಪ್ರಾಣಿಗಳೂ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೂ ಅವುಗಳಿಂದ ತಮ್ಮ ಕವಚವನ್ನು ಕಟ್ಟಿಕೊಳ್ಳುತ್ತವೆ. ಅವು ಸತ್ತಾಗ ಕವಚಗಳು ತಳಕ್ಕಿಳಿದು, ಪದರದ ಮೇಲೆ ಪದರ ಬಿದ್ದು, ಸುಣ್ಣದ ಕಲ್ಲಾಗುತ್ತವೆ. ನಮ್ಮ ಮನೆಗಳಿಗೆ ಹಾಸುವ ಶಹಾಬಾದಿನ ಕಲ್ಲೂ ಒಂದು ಪುರಾತನ ಕಡಲ ತಳದ ಸುಣ್ಣದ ಕಲ್ಲೇ. ಚಿಪ್ಪಿನ ಪ್ರಾಣಿಗಳು ಕಾಣಿಸಿಕೊಳ್ಳುವುದಕ್ಕೂ ಮುಂಚಿನದು. ಕಡಲ ತಳದ ಶಿಲಾಫಲಕವು ಭೂಗರ್ಭಕ್ಕೆ ಜಾರಿದಾಗ ಈ ಕಲ್ಲು ಕಾದು, ಅದರ ಇಂಗಾಲವು ಜ್ವಾಲಾಮುಖಿಗಳ ಬಾಯಿಂದ ಗಾಳಿಗೆ ಮರಳುತ್ತದೆ. ಸುಣ್ಣದ ಗೂಡಿನಲ್ಲಿ ಒಂದೆರಡು ದಿನದಲ್ಲಿ ಆಗುವುದಕ್ಕೆ ಪ್ರಕೃತಿಯು ಕೋಟ್ಯಂತರ ವರ್ಷಗಳನ್ನು ತೆಗೆದುಕೊಳ್ಳುತ್ತದೆ.

ಬೇಗನೆ ಮುಗಿಯುವ ಸುತ್ತಿನಿಂದ ಒಂದಿಷ್ಟು ಇಂಗಾಲ ತಪ್ಪಿಸಿಕೊಂಡು ನಿಧಾನದ ಸುತ್ತಿಗೆ ಸೇರುವುದೂ ಉಂಟು. ಸುಮಾರು ಇಪ್ಪತ್ತೈದರಿಂದ ಮೂವತ್ತು ಕೋಟಿ ವರ್ಷಗಳ ಹಿಂದೆ ಗೊಂಡ್ವಾನ ಭೂಖಂಡದ ಜೌಗು ನೆಲದಲ್ಲಿ ಗ್ಲಾಸಾಪ್ಟೆರಿಸ್ ಎಂಬ ಮರಗಳ ಕಾಡು ದಟ್ಟವಾಗಿ ಬೆಳೆದಿತ್ತು. ಅವುಗಳ ಎಲೆ, ಕಾಂಡಗಳು ಕೊಳೆಯಲು ಗಾಳಿ ಸಿಗದೆ ಹೂತುಹೋಗಿ ಕಲ್ಲಿದ್ದಲಾದವು. ತೆಲಂಗಾಣದ ಸಿಂಗರೇಣಿಯ ಗಣಿಗಳಲ್ಲಿ ಅಗೆಯುವುದು ಆ ಕಾಲದ ಕಲ್ಲಿದ್ದಲನ್ನೇ. ಅದು ರೈಲಿನಲ್ಲಿ ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರಕ್ಕೂ ಬಂದು ಉರಿಯುತ್ತದೆ. ಡೈನೋಸಾರುಗಳಿಗಿಂತ ಹಳೆಯದಾದ ಎಲೆಯೊಂದು ಹಿಡಿದಿಟ್ಟ ಬಿಸಿಲಿನಲ್ಲಿ ನಾವು ರಾತ್ರಿ ಪಾಠ ಓದುತ್ತೇವೆಂಬುದು ಕವಿಕಲ್ಪನೆಯಲ್ಲ, ನಿಜ. ಒಂದು ಟನ್ ಇಂಗಾಲ ಉರಿದಾಗ ಗಾಳಿಯ ಆಮ್ಲಜನಕವನ್ನು ಕೂಡಿಕೊಂಡು ಮೂರೂವರೆ ಟನ್ನಿಗೂ ಹೆಚ್ಚಿನ ಇಂಗಾಲದ ಡೈಆಕ್ಸೈಡು ಆಗುತ್ತದೆಂಬುದನ್ನೂ ನೆನಪಿಡಬೇಕು. ಕಲ್ಲಿದ್ದಲು, ಖನಿಜತೈಲ, ನೈಸರ್ಗಿಕ ಅನಿಲಗಳನ್ನು ಸುಟ್ಟು ಮನುಷ್ಯನು ಈಗ ವರ್ಷಕ್ಕೆ ಸುಮಾರು 1,000 ಕೋಟಿ ಟನ್ ಇಂಗಾಲವನ್ನು ಹೊರಗೆಡಹುತ್ತಿದ್ದಾನೆ. ಜಗತ್ತಿನ ಜ್ವಾಲಾಮುಖಿಗಳೆಲ್ಲ ಸೇರಿ ಹೊರಬಿಡುವುದು ಇದರ ನೂರರಲ್ಲಿ ಒಂದು ಪಾಲಿಗೂ ಕಡಮೆ.

ಎಲೆಗಳ 12,000 ಕೋಟಿಯ ಮುಂದೆ ಈ 1,000 ಕೋಟಿ ಎಷ್ಟರದು ಎಂದು ಕೇಳಬಹುದು. ಪ್ರಶ್ನೆ ಸಹಜವೇ. ಆದರೆ ಎಲೆ ಪಡೆಯುವುದೂ ಕೊಡುವುದೂ ಸರಿಸುಮಾರು ಸಮ. ಕಲ್ಲಿದ್ದಲಿನದು ಬರಿಯ ಸೇರ್ಪಡೆ. ಅದನ್ನು ಅದೇ ವೇಗದಲ್ಲಿ ಮರಳಿ ನೆಲದೊಳಗೆ ಇಡುವವರಾರೂ ಇಲ್ಲ. ತುಂಬಿದ ಕೆರೆಗೆ ಬರುವ ನೀರೂ ಕೋಡಿಯಿಂದ ಹೋಗುವ ನೀರೂ ಸಮವಾಗಿದ್ದಾಗ, ಮತ್ತೊಂದು ಸಣ್ಣ ಕಾಲುವೆಯನ್ನು ತಿರುಗಿಸಿದರೂ ಕೆರೆಯ ಮಟ್ಟ ಏರುವುದಲ್ಲವೆ?

ಈ ಏರಿಕೆಯನ್ನು ಊಹೆಯಿಂದಲ್ಲ, ಅಳತೆಯಿಂದ ತೋರಿಸಿದವನು ಅಮೆರಿಕದ ಚಾರ್ಲ್ಸ್ ಡೇವಿಡ್ ಕೀಲಿಂಗ್. ಅವನು 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ, ಸುಮಾರು 3,400 ಮೀಟರ್ ಎತ್ತರದಲ್ಲಿ, ಗಾಳಿಯನ್ನು ಪ್ರತಿದಿನ ಅಳೆಯುವ ವ್ಯವಸ್ಥೆ ಮಾಡಿದನು. ಊರು, ಕಾರ್ಖಾನೆಗಳಿಂದ ದೂರವಾದ ಸ್ಥಳವೆಂಬುದೇ ಆ ಆಯ್ಕೆಗೆ ಕಾರಣ. ಆಗ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಈ ಅನಿಲದ ಪಾಲು ಸುಮಾರು 315. ಮೇ ತಿಂಗಳಲ್ಲಿ ಅಂಕಿ ಏರುತ್ತಿತ್ತು. ಉತ್ತರಾರ್ಧಗೋಳದ ಕಾಡುಗಳು ಚಿಗುರಿ ಬೆಳೆದ ಮೇಲೆ, ಸೆಪ್ಟೆಂಬರಿನ ಹೊತ್ತಿಗೆ, ಇಳಿಯುತ್ತಿತ್ತು. ಭೂಮಿಯೇ ಉಸಿರಾಡುವುದನ್ನು ಕಾಗದದ ಮೇಲೆ ಕಂಡಂತಾಯಿತು. ಆದರೆ ಪ್ರತಿ ವರ್ಷದ ಉಸಿರೂ ಹಿಂದಿನ ವರ್ಷಕ್ಕಿಂತ ತುಸು ಮೇಲಿನಿಂದ ಆರಂಭವಾಗುತ್ತಿತ್ತು. 1964ರಲ್ಲಿ ಹಣ ಸಾಲದೆ ಕೆಲವು ವಾರ ಈ ಅಳತೆ ನಿಂತುಹೋಗಿತ್ತೆಂಬುದನ್ನು ನೆನೆದರೆ ಇಂದಿಗೂ ಖೇದವಾಗುತ್ತದೆ. ಇಂಥ ನೀರಸವೆನಿಸುವ ದಿನನಿತ್ಯದ ಕೆಲಸಕ್ಕೆ ಹಣ ಕೊಡುವವರು ಎಲ್ಲ ಕಾಲದಲ್ಲಿಯೂ ಕಡಮೆ. 2024ರಲ್ಲಿ ಅಲ್ಲಿನ ವಾರ್ಷಿಕ ಸರಾಸರಿ 424ನ್ನು ಮುಟ್ಟಿತು. ಯಂತ್ರಯುಗಕ್ಕೆ ಮೊದಲು ಅದು ಸುಮಾರು 280 ಇದ್ದಿತೆಂದು ಧ್ರುವಪ್ರದೇಶದ ಹಿಮದಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳು ಹೇಳುತ್ತವೆ. ಅವೇ ಗುಳ್ಳೆಗಳ ಸಾಕ್ಷ್ಯದಂತೆ ಕಳೆದ ಎಂಟು ಲಕ್ಷ ವರ್ಷಗಳಲ್ಲಿ ಅದು 300ನ್ನು ಗಮನಾರ್ಹವಾಗಿ ಮೀರಿರಲಿಲ್ಲ.

ಹೆಚ್ಚಿದುದು ಕಲ್ಲಿದ್ದಲಿನ ಇಂಗಾಲವೇ ಎಂದು ತಿಳಿಯುವುದು ಹೇಗೆ? ಇದಕ್ಕೆ ಚೆಲುವಾದ ಉತ್ತರವಿದೆ. ಗಾಳಿಯ ಇಂಗಾಲದಲ್ಲಿ ವಿಕಿರಣಶೀಲವಾದ ಒಂದು ಬಗೆ ಅತ್ಯಲ್ಪವಾಗಿ ಬೆರೆತಿರುತ್ತದೆ. ಅದು 5,730 ವರ್ಷಗಳಿಗೊಮ್ಮೆ ಅರ್ಧಕ್ಕೆ ಇಳಿಯುವುದರಿಂದ ಕೋಟ್ಯಂತರ ವರ್ಷ ಹಳೆಯದಾದ ಕಲ್ಲಿದ್ದಲಿನಲ್ಲಿ ಅದರ ಸುಳಿವೂ ಉಳಿದಿಲ್ಲ. ಇಂಥ ಹೊಗೆ ಗಾಳಿಗೆ ಸೇರಿದಷ್ಟೂ ಆ ಬಗೆಯ ಪಾಲು ತೆಳುವಾಗಬೇಕು. ಈಚಿನ ಕಾಲದ ಮರಗಳಲ್ಲಿ ಅದು ತೆಳುವಾಗಿರುವುದನ್ನು ಹಾನ್ಸ್ ಸುಯೆಸ್ ಎಂಬ ವಿಜ್ಞಾನಿ 1955ರಲ್ಲಿಯೇ ಪ್ರಕಟಪಡಿಸಿದನು.

ಹತ್ತು ಸಾವಿರದಲ್ಲಿ ನಾಲ್ಕು ಪಾಲಿನಷ್ಟಿರುವ ಅನಿಲವು ಜಗತ್ತಿನ ಹವೆಯನ್ನು ಹೇಗೆ ಬದಲಿಸೀತು? ಗಾಳಿಯ ಮುಖ್ಯ ಭಾಗಗಳಾದ ಸಾರಜನಕ, ಆಮ್ಲಜನಕಗಳು ನೆಲದಿಂದ ಮೇಲೇಳುವ ಶಾಖಕಿರಣಗಳನ್ನು ತಡೆಯುವುದಿಲ್ಲ. ನೀರಾವಿಯೂ ಇಂಗಾಲದ ಡೈಆಕ್ಸೈಡೂ ತಡೆದು, ಒಂದು ಭಾಗವನ್ನು ಮರಳಿ ನೆಲದತ್ತ ಕಳುಹುತ್ತವೆ. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲಗಳನ್ನು ತುಂಬಿ ಬಿಸಿಲಿನಲ್ಲಿಟ್ಟು, ಈ ಅನಿಲವಿದ್ದ ಕೊಳವೆಯೇ ಎಲ್ಲಕ್ಕಿಂತ ಹೆಚ್ಚು ಕಾದುದನ್ನು ಕಂಡಳು. ವಾಯುಮಂಡಲದಲ್ಲಿ ಅದು ಹೆಚ್ಚಿದರೆ ಭೂಮಿ ಬಿಸಿಯಾದೀತೆಂದೂ ಬರೆದಳು. ಆಕೆಯ ಲೇಖನವನ್ನು ವಿದ್ವತ್ಸಭೆಯಲ್ಲಿ ಓದಿದವನು ಬೇರೊಬ್ಬ ಪುರುಷ. ಆಕೆಯ ಹೆಸರು ನೂರೈವತ್ತು ವರ್ಷ ಮರೆಯಲ್ಲಿ ಉಳಿಯಿತು. ಈ ಅನಿಲಗಳ ಹೊದಿಕೆ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಆದ್ದರಿಂದ ಹೊದಿಕೆ ಶತ್ರುವಲ್ಲ. ಅದು ದಪ್ಪವಾಗುತ್ತಿರುವ ವೇಗವೇ ಕಷ್ಟಕ್ಕೆ ಕಾರಣ. 2024ರಲ್ಲಿ ಭೂಮಿಯ ಉಷ್ಣತೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಸರಾಸರಿಗಿಂತ ಸುಮಾರು ಒಂದೂವರೆ ಡಿಗ್ರಿ ಹೆಚ್ಚಾಗಿತ್ತು. ಒಂದು ಡಿಗ್ರಿ ಬಿಸಿಯಾದ ಗಾಳಿಯು ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲುದಾದ್ದರಿಂದ ಮಳೆಯೂ ಸುರಿದಾಗ ಜಡಿದು ಸುರಿಯುತ್ತದೆ.

ಮನುಷ್ಯನು ಹೊರಬಿಟ್ಟ ಇಂಗಾಲದಲ್ಲಿ ಹೆಚ್ಚುಕಡಮೆ ಅರ್ಧವು ಮಾತ್ರ ಗಾಳಿಯಲ್ಲಿ ಉಳಿಯುತ್ತದೆ. ಉಳಿದುದನ್ನು ಕಾಡೂ ಕಡಲೂ ಹಂಚಿಕೊಳ್ಳುತ್ತವೆ. ಈ ಉಪಕಾರಕ್ಕೆ ಕಡಲು ಬೆಲೆ ತೆರುತ್ತಿದೆ: ಅದರ ನೀರಿನ ಕ್ಷಾರಗುಣ ಕುಗ್ಗಿ, ಹವಳ ಮತ್ತು ಚಿಪ್ಪಿನ ಜೀವಿಗಳು ಕವಚ ಕಟ್ಟುವುದು ಕಷ್ಟವಾಗುತ್ತಿದೆ. ಇನ್ನು ಕಾಡು. ವನಮಹೋತ್ಸವದ ಭಾಷಣಗಳಲ್ಲಿ ಗಿಡ ನೆಟ್ಟರೆ ಎಲ್ಲವೂ ಸರಿಹೋದೀತೆಂಬ ಮಾತು ಕೇಳಿಬರುತ್ತದೆ. ಗಿಡ ನೆಡುವುದು ಒಳ್ಳೆಯದೇ. ಆದರೆ ಮರವು ಬೇಗನೆ ಮುಗಿಯುವ ಸುತ್ತಿಗೆ ಸೇರಿದುದು, ಅದು ಬಿದ್ದಾಗ ಅಥವಾ ಉರಿದಾಗ ಸಾಲವನ್ನು ಹಿಂದಿರುಗಿಸಿಬಿಡುತ್ತದೆ. ಗಣಿಯಿಂದ ಬಂದ ಇಂಗಾಲವನ್ನು ಮತ್ತೆ ಕಲ್ಲಾಗಿಸುವ ಶಕ್ತಿ ಮಳೆಗೂ ಬಂಡೆಗೂ ಕಡಲಿಗೂ ಉಂಟು. ನಾವು ಎರಡು ಶತಮಾನಗಳಲ್ಲಿ ಹೊರತೆಗೆದುದನ್ನು ಪೂರ್ತಿಯಾಗಿ ಹಿಂದಿರಿಸಲು ಅವುಗಳಿಗೆ ಲಕ್ಷಾಂತರ ವರ್ಷಗಳು ಬೇಕು.