ಹಬ್ಬದ ಗಂಟು

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ಯಾದಗಿರಿ, ಶಹಾಪುರ, ಸುರಪುರದ ಸುತ್ತಲಿನ ಎರೆಹೊಲಗಳಲ್ಲಿ ತೊಗರಿಯ ಕಾಯಿ ಒಣಗಿ ಕೊಯ್ಲಿಗೆ ಸಿದ್ಧವಾಗಿರುತ್ತದೆ. ಹತ್ತಿ ಬಿಡಿಸುವ ಹೆಣ್ಣುಮಕ್ಕಳು ನಸುಕಿನಲ್ಲಿಯೇ ರೊಟ್ಟಿ ಕಟ್ಟಿಕೊಂಡು ಹೊರಡುತ್ತಾರೆ. ಹಬ್ಬಗಳೂ ಇದೇ ಕಾಲಕ್ಕೆ ಒಂದರ ಬೆನ್ನಿಗೊಂದು ಬರುತ್ತವೆ. ಡಿಸೆಂಬರ್ 25ಕ್ಕೆ ಕ್ರಿಸ್‌ಮಸ್, ಅದರ ಹಿಂದೆಯೋ ಮುಂದೆಯೋ ಎಳ್ಳಮಾವಾಸ್ಯೆ, ಸಂಕ್ರಾಂತಿಗೆ ಮೈಲಾಪುರದ ಮೈಲಾರಲಿಂಗನ ಜಾತ್ರೆ. ಹೊಲವುಳ್ಳವನ ಕೈಯಲ್ಲಿ ಆಗಷ್ಟೇ ನಾಲ್ಕು ಕಾಸು ಓಡಾಡತೊಡಗುತ್ತದೆ. ಹೊಲವಿಲ್ಲದವನಾದರೋ ಮಳೆ ಬಂದು ಬೆಳೆ ಬಂದರೆ ಮಾತ್ರ ಕೂಲಿಯನ್ನು ಕಾಣುತ್ತಾನೆ. ಮಳೆ ಕೈಕೊಟ್ಟ ವರ್ಷ ಕೂಲಿ ಇರುವುದಿಲ್ಲ. ಹಬ್ಬವು ಮಾತ್ರ ತಪ್ಪದೆ ಬರುತ್ತದೆ.

ಈ ಪ್ರದೇಶದಲ್ಲಿ ಕ್ರಿಸ್‌ಮಸ್ ಹಬ್ಬವು ಹೊಸದೇನಲ್ಲ. ನೆರೆಯ ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ವಿಜಾಪುರದ ಆದಿಲಶಾಹಿ ಅರಸರ ಕಾಲದಿಂದಲೂ ಕ್ರೈಸ್ತರ ನೆಲೆಯೊಂದು ಇದೆ. ಮುಂಬಯಿ ಮತ್ತು ಮದರಾಸಿನ ರೈಲುಹಾದಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದ ಮೇಲೆ, ಆ ಹಾದಿಯ ಮೇಲಿದ್ದ ಯಾದಗಿರಿಗೆ ಹೊರಗಿನ ಜಗತ್ತು ಹತ್ತಿರವಾಯಿತು. ಮೆಥಡಿಸ್ಟ್ ಸಭೆಯವರ ಹೋಲ್ಸ್‌ಟನ್ ಆಸ್ಪತ್ರೆಯ ಹೆಸರು ಯಾದಗಿರಿಯಲ್ಲಿ ಎಲ್ಲ ಮತದವರಿಗೂ ಪರಿಚಿತವಾದುದು. ಇಲ್ಲಿಯ ಕ್ರೈಸ್ತರಲ್ಲಿ ಶಿಕ್ಷಕರೂ ದಾದಿಯರೂ ಇದ್ದಾರೆ, ಕೂಲಿಕಾರರೂ ಸಣ್ಣ ಹಿಡುವಳಿಯ ಒಕ್ಕಲಿಗರೂ ಇದ್ದಾರೆ. ಅವರ ಕ್ರಿಸ್‌ಮಸ್ ಕೂಡ ಈ ನೆಲದ ಹಬ್ಬವೇ. ಬಿದಿರಿನ ಕಡ್ಡಿಗೆ ಬಣ್ಣದ ಕಾಗದ ಹಚ್ಚಿದ ನಕ್ಷತ್ರವು ಬಾಗಿಲ ಮುಂದೆ ತೂಗುತ್ತಿದ್ದರೆ, ಒಳಗೆ ಒಲೆಯ ಮೇಲೆ ಕರಜಿಕಾಯಿಯೂ ಚಕ್ಕುಲಿಯೂ ಬೇಯುತ್ತಿರುತ್ತವೆ.

ಅಂಥ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳೋಣ. ಗಂಡ, ಹೆಂಡತಿ, ವಯಸ್ಸಾದ ತಾಯಿ, ಶಾಲೆಗೆ ಹೋಗುವ ಮೂವರು ಮಕ್ಕಳು. ಹಬ್ಬಕ್ಕೆ ಬಟ್ಟೆಬರೆಗೆಂದು 2,500 ರೂಪಾಯಿ, ಕಿರಾಣಿ ಮತ್ತು ಎಣ್ಣೆಗೆ 1,500, ಮಾಂಸಕ್ಕೆ 800, ದೇವಾಲಯದ ಕಾಣಿಕೆಗೆ 200. ಒಟ್ಟು 5,000 ರೂಪಾಯಿ ಬೇಕಾಯಿತೆಂದು ಇಟ್ಟುಕೊಳ್ಳಿ. ಕೈಯಲ್ಲಿ ಹಣವಿಲ್ಲ. ನೂರು ರೂಪಾಯಿಗೆ ತಿಂಗಳಿಗೆ ಐದು ರೂಪಾಯಿ ಬಡ್ಡಿಯಂತೆ ಕೈಸಾಲ ತಂದರು. ತಿಂಗಳ ಬಡ್ಡಿ 250 ರೂಪಾಯಿ. ಸಾಲವು ಹತ್ತು ತಿಂಗಳ ಮೇಲೆ ತೀರಿದರೆ ಬಡ್ಡಿಯೇ 2,500 ರೂಪಾಯಿ ಆಗುತ್ತದೆ. ಎಂದರೆ ಒಂದು ಹಬ್ಬವನ್ನು ಮಾಡಿ ಒಂದೂವರೆ ಹಬ್ಬದ ಬೆಲೆಯನ್ನು ಕೊಟ್ಟ ಹಾಗಾಯಿತು. ಉಳಿದ ಆ ಅರ್ಧ ಹಬ್ಬದ ಹೋಳಿಗೆಯನ್ನು ಯಾರು ಉಂಡರೆಂಬುದನ್ನು ನೀವೇ ಊಹಿಸಬಹುದು. ಅದೇ ಮನೆಯವರು ವಾರಕ್ಕೆ 100 ರೂಪಾಯಿಯಂತೆ ಐವತ್ತು ವಾರ ಕೂಡಿಟ್ಟಿದ್ದರೆ ಆ 5,000 ರೂಪಾಯಿ ಬಡ್ಡಿಯಿಲ್ಲದೆ ಅವರ ಕೈಯಲ್ಲಿರುತ್ತಿತ್ತು. ಸಾಲ ತರುವಾಗಿನ ಸುಖ ಮತ್ತು ತೀರಿಸುವಾಗಿನ ಸಂಕಟಗಳನ್ನು ಸರ್ವಜ್ಞನು ತನ್ನ ತ್ರಿಪದಿಯೊಂದರಲ್ಲಿ ಹೇಳಿರುವುದನ್ನು ನೀವು ಕೆಳಗಿನ ತರಗತಿಯಲ್ಲಿಯೇ ಓದಿರಬಹುದು.

ಬಡ್ಡಿಯ ಲೆಕ್ಕಕ್ಕಿಂತ ಕಠಿಣವಾದ ಇನ್ನೊಂದು ಲೆಕ್ಕವಿದೆ. ಈ ಮೂರೂ ತಾಲ್ಲೂಕುಗಳಿಂದ ಕೆಲಸವಿಲ್ಲದ ದಿನಗಳಲ್ಲಿ ಕುಟುಂಬಗಳು ಬೆಂಗಳೂರು ಮೊದಲಾದ ಊರುಗಳಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತವೆ. ಕೆಲಸಕ್ಕೆ ಕರೆದೊಯ್ಯುವವನು ಎಷ್ಟೋ ಸಲ ಮೊದಲೇ ಮುಂಗಡ ಕೊಡುತ್ತಾನೆ. ಹಬ್ಬದ ಮುಂದೆ ಕೈಗೆ ಬಂದ ಆ ಹಣವು ದೇವರೇ ಕಳಿಸಿದಂತೆ ಕಾಣುತ್ತದೆ. ಹಬ್ಬ ಮುಗಿದ ಮರುವಾರ, ಮುಂಗಡ ತೀರುವ ತನಕ ದುಡಿಯಲೆಂದು ಮನೆಗೆ ಬೀಗ ಬೀಳುತ್ತದೆ. ಮಕ್ಕಳನ್ನು ನೋಡಿಕೊಳ್ಳಲು ಊರಿನಲ್ಲಿ ಯಾರೂ ಇಲ್ಲದಿದ್ದರೆ ಅವರೂ ಗಂಟುಮೂಟೆಯೊಡನೆ ಹೊರಡಬೇಕು. ಶಾಲೆಯ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಜನವರಿಯಿಂದ ಬರಿಯ ಗೈರುಹಾಜರಿಯ ಗುರುತು. ಸಾಲಕ್ಕಾಗಿ ಮನುಷ್ಯನನ್ನು ಒತ್ತೆಯಿಟ್ಟುಕೊಳ್ಳುವ ಜೀತಪದ್ಧತಿಯನ್ನು 1976ರ ಕಾಯಿದೆಯು ನಿಷೇಧಿಸಿದೆ. ಕಿರುಸಾಲ ಕೊಟ್ಟವರು ವಸೂಲಿಗಾಗಿ ಬಲಾತ್ಕಾರ ಮಾಡುವುದನ್ನು ತಡೆಯಲು 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಿತು. ಇವು ಬೇಕಾದ ಕಾಯಿದೆಗಳೇ ಸರಿ. ಆದರೆ ಕಾಯಿದೆಯು ಮನೆಬಾಗಿಲಿಗೆ ಬರುವ ಹೊತ್ತಿಗೆ ಮಗುವಿನ ಒಂದು ವರ್ಷದ ಓದು ಹೋಗಿಬಿಟ್ಟಿರುತ್ತದೆ.

ಕಷ್ಟದ ವರ್ಷಗಳು ಈ ನಾಡಿಗೆ ಹೊಸವಲ್ಲ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ನಡುಗಿಸಿದ ಬರವು ಹೈದರಾಬಾದ್ ಸಂಸ್ಥಾನದ ಸೀಮೆಯನ್ನೂ ಬಿಡಲಿಲ್ಲ. 1972ರ ಬರವನ್ನು ಕಂಡ ಹಿರಿಯರು ಈಗಲೂ ನಮ್ಮ ನಡುವೆ ಇದ್ದಾರೆ. 2016ರ ನವೆಂಬರ್ 8ರಂದು 500 ಮತ್ತು 1,000 ರೂಪಾಯಿಯ ನೋಟುಗಳ ಚಲಾವಣೆ ನಿಂತಾಗ ಕ್ರಿಸ್‌ಮಸ್‌ಗೆ ಉಳಿದಿದ್ದುದು 47 ದಿನಗಳು ಮಾತ್ರ. ಹಬ್ಬಕ್ಕೆಂದು ಡಬ್ಬಿಯಲ್ಲಿ ದೊಡ್ಡ ನೋಟುಗಳನ್ನು ಮಡಿಚಿಟ್ಟವರು ಕೂಲಿ ಬಿಟ್ಟು ಬ್ಯಾಂಕಿನ ಮುಂದೆ ಸಾಲು ನಿಲ್ಲಬೇಕಾಯಿತು. 2023ರಲ್ಲಿ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು.

ಇಂಥ ಕಾಲಕ್ಕಾಗಿಯೇ ನಮ್ಮ ಹಿರಿಯರು ಹಗೇವುಗಳನ್ನು ತೋಡುತ್ತಿದ್ದರು. ನೆಲದೊಳಗಿನ ಆ ಕಣಜದಲ್ಲಿ ಸುಗ್ಗಿಯ ಜೋಳವನ್ನು ತುಂಬಿ, ಬಾಯಿಯನ್ನು ಮಣ್ಣಿನಿಂದ ಮುಚ್ಚಿದರೆ, ಅದು ಬರದ ವರ್ಷಕ್ಕೆ ಒದಗುತ್ತಿತ್ತು. ಕೆರೆಯೂ ಒಂದು ಬಗೆಯ ಹಗೇವೇ. ಅದು ನೀರಿನ ಹಗೇವು. 1841ರಲ್ಲಿ ಸುರಪುರಕ್ಕೆ ಬಂದು 1853ರವರೆಗೆ ಆ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿಯು ಬೋನಾಳದ ಕೆರೆಯನ್ನು ಬಲಪಡಿಸಿದುದನ್ನು ಆ ಸೀಮೆಯ ಜನ ಇನ್ನೂ ನೆನೆಯುತ್ತಾರೆ. ಈಗ ಆ ಕೆರೆಯ ತುಂಬ ಹಕ್ಕಿಗಳು.

ಕಾಳನ್ನು ಕೂಡಿಡುವ ಈ ಬುದ್ಧಿಯನ್ನೇ ಹಬ್ಬದ ಹಣಕ್ಕೂ ಅನ್ವಯಿಸಿದವರು ಬೇರೆ ಬೇರೆ ದೇಶಗಳಲ್ಲಿ ಕಾಣಸಿಗುತ್ತಾರೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ದುಡಿಯುವ ಜನರು ಕ್ರಿಸ್‌ಮಸ್ ದಿನದ ಹೆಬ್ಬಾತಿನ ಊಟಕ್ಕಾಗಿ ವಾರವಾರವೂ ಬಿಡಿಗಾಸನ್ನು ಒಂದೆಡೆ ಕಟ್ಟುತ್ತಿದ್ದರು. ಅಂಥ ಕೂಟಗಳಿಗೆ ಹೆಬ್ಬಾತಿನ ಸಂಘಗಳೆಂದೇ ಹೆಸರು. ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದ ಕಾರ್ಲೈಲ್ ಎಂಬ ಪಟ್ಟಣದ ಬ್ಯಾಂಕೊಂದು 1909ರಲ್ಲಿ ಕ್ರಿಸ್‌ಮಸ್ ಉಳಿತಾಯದ ಖಾತೆಯನ್ನು ಆರಂಭಿಸಿತು. ವಾರಕ್ಕಿಷ್ಟು ಎಂದು ಕಟ್ಟಿದ ಹಣವು ಹಬ್ಬದ ಮುಂಚೆ ಒಟ್ಟಾಗಿ ಕೈಗೆ ಬರುವ ಈ ಏರ್ಪಾಡು ಮುಂದೆ ಆ ದೇಶದ ತುಂಬ ಹಬ್ಬಿತು. ಕಾಸೂ ಇಲ್ಲದವರು ಏನು ಮಾಡಬೇಕು? ಅದಕ್ಕೆ ನಮ್ಮ ದೇಶದ ಮಿಜೋರಾಮಿನಲ್ಲಿ ಉತ್ತರವಿದೆ. ಅಲ್ಲಿಯ ಕ್ರೈಸ್ತ ಮಹಿಳೆಯರು 1910ರ ಸುಮಾರಿನಿಂದ ಪ್ರತಿ ಸಲದ ಅಡುಗೆಯಲ್ಲಿಯೂ ಒಂದು ಹಿಡಿ ಅಕ್ಕಿಯನ್ನು ಬೇರೆ ತೆಗೆದಿಡುತ್ತ ಬಂದಿದ್ದಾರೆ. ಆ ಅಕ್ಕಿಯನ್ನು ಒಟ್ಟುಗೂಡಿಸಿ ಮಾರಿದ ಹಣದಿಂದ ಅವರ ಸಭೆಯ ಕಾರ್ಯಗಳು ನಡೆಯುತ್ತವೆ. ಹಿಡಿಯಕ್ಕಿಯ ಜಾಗದಲ್ಲಿ ಹಿಡಿಜೋಳವಿದ್ದರೂ ಲೆಕ್ಕವೇನೂ ತಪ್ಪದು.

ಕೂಡಿಡುವುದರಷ್ಟೇ ಮುಖ್ಯವಾದುದು ಎಲ್ಲಿ ಕೂಡಿಡುತ್ತೇವೆ ಎಂಬುದು. ಬ್ರಿಟನ್ನಿನಲ್ಲಿ ಕ್ರಿಸ್‌ಮಸ್ ಬುಟ್ಟಿಗಾಗಿ ವರ್ಷವಿಡೀ ಹಣ ಕಟ್ಟಿಸಿಕೊಂಡಿದ್ದ ವ್ಯಾಪಾರಿ ಸಂಸ್ಥೆಯೊಂದು 2006ರ ಅಕ್ಟೋಬರಿನಲ್ಲಿ ಕುಸಿದುಬಿತ್ತು. ಹಬ್ಬಕ್ಕೆ ಎರಡು ತಿಂಗಳಿರುವಾಗ ಸಾವಿರಾರು ಬಡ ಕುಟುಂಬಗಳು ಬರಿಗೈಯಾದವು. ನಮ್ಮ ಊರುಗಳಲ್ಲಿಯೂ ಚೀಟಿ, ಭಿಶಿ ಎಂಬ ಹೆಸರಿನಲ್ಲಿ ಹಣ ಸೇರಿಸುವವರು ಇರುತ್ತಾರೆ. ಬಲ್ಲವರ ನಡುವಿನ ಭಿಶಿ ಬಹುಮಟ್ಟಿಗೆ ನಂಬಿಕೆಯಿಂದಲೇ ನಡೆಯುತ್ತದೆ. ಅಪರಿಚಿತನು ಹೆಚ್ಚಿನ ಲಾಭದ ಆಸೆ ತೋರಿಸಿದಾಗ ಎಚ್ಚರ ಬೇಕು. ಚೀಟಿ ವ್ಯವಹಾರಕ್ಕೆಂದೇ 1982ರ ಕಾಯಿದೆಯಿದೆ, ನೋಂದಣಿಯುಂಟೇ ಎಂದು ಕೇಳುವುದು ಅವಮಾನದ ಮಾತಲ್ಲ. ಅಂಚೆ ಕಚೇರಿಯ ಉಳಿತಾಯ ಬ್ಯಾಂಕು ನಮ್ಮ ದೇಶದಲ್ಲಿ 1882ರಿಂದ ನಡೆದುಬಂದಿದೆ. ಸಹಕಾರದ ವಿಷಯದಲ್ಲಂತೂ ಕನ್ನಡ ನಾಡು ದೇಶಕ್ಕೆ ಮೊದಲಿಗ. 1905ರಲ್ಲಿ ಗದಗದ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದುದು ಸಾಹುಕಾರರ ಬಡ್ಡಿಯಿಂದ ಒಕ್ಕಲಿಗನನ್ನು ಬಿಡಿಸುವುದಕ್ಕಾಗಿಯೇ. ಮಹಿಳೆಯರ ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಕಾರ್ಯ 1992ರಲ್ಲಿ ಮೊದಲಾಯಿತು. 2000–01ರಲ್ಲಿ ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆಯು ಬಂತು. ವಾರಕ್ಕೊಮ್ಮೆ ಚಾಪೆಯ ಮೇಲೆ ಕುಳಿತು ಲೆಕ್ಕ ಬರೆಯುವ ಹತ್ತಿಪ್ಪತ್ತು ಮಂದಿ ಹೆಂಗಸರ ಈ ಸಂಘಗಳಿಗೆ, ಹೊರಗಿನಿಂದ ಕಾಣುವುದಕ್ಕಿಂತ ಹೆಚ್ಚಿನ ಬಲವುಂಟು. ಅಲ್ಲಿಯ ಲೆಕ್ಕದ ಪುಸ್ತಕವನ್ನು ಬರೆದುಕೊಡುವವರು ಅನೇಕ ಕಡೆ ಶಾಲೆಗೆ ಹೋಗುವ ಅವರ ಮಕ್ಕಳೇ.

ಇನ್ನು ಖರ್ಚಿನ ಮಾತು. ನಾವು ಮೊದಲು ಕಂಡ ಮನೆಗೇ ಹಿಂದಿರುಗೋಣ. ಮಳೆಯಿಲ್ಲದ ವರ್ಷ, ಆಗಬೇಕಾದ 5,000ದಲ್ಲಿ ಕೂಡಿರುವುದು 3,000 ಮಾತ್ರ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆನ್ನುವುದು ಸುಲಭ; ಯಾರ ಕಾಲನ್ನು ಮಡಿಸಬೇಕೆಂಬುದೇ ಕಷ್ಟದ ಪ್ರಶ್ನೆ. ಸಾಮಾನ್ಯವಾಗಿ ತಾಯಿಯೇ ಮೊದಲು ತನ್ನ ಸೀರೆಯನ್ನು ಬಿಟ್ಟುಕೊಡುತ್ತಾಳೆ. ಯಾರೂ ಅದನ್ನು ಗಮನಿಸುವುದೂ ಇಲ್ಲ. ಹಾಗಾಗದಿರಲು ಮನೆಯವರೆಲ್ಲರೂ, ಮಕ್ಕಳನ್ನೂ ಸೇರಿಸಿಕೊಂಡು, ಡಿಸೆಂಬರಿಗೆ ಮುಂಚೆಯೇ ಒಂದು ಸಂಜೆ ಕುಳಿತು ಲೆಕ್ಕ ಹಾಕುವುದು ಲೇಸು. ದೊಡ್ಡ ಮಗನಿಗೆ ಶಾಲೆಗೂ ಹಬ್ಬಕ್ಕೂ ಆಗುವ ಒಂದು ಅಂಗಿ ಸಾಕು. ಅಕ್ಕನ ಲಂಗವನ್ನು ತುದಿ ಬಿಚ್ಚಿ ಹೊಲಿದರೆ ತಂಗಿಗೆ ಹೊಸದಾಗುತ್ತದೆ. ಆದರೆ ಮನೆಯ ಕಿರಿಯ ಮಗುವಿಗೆ ಒಂದಾದರೂ ಹೊಸ ಬಟ್ಟೆ ಇರಲೇಬೇಕೆಂದು ನನಗನ್ನಿಸುತ್ತದೆ. ಅರ್ಥಶಾಸ್ತ್ರವು ಇದನ್ನು ಒಪ್ಪದಿರಬಹುದು. ಮಿತವ್ಯಯದ ಹೆಸರಿನಲ್ಲಿ ಮಗುವಿನ ಹಬ್ಬವನ್ನು ಕಸಿದುಕೊಳ್ಳುವುದು ಜಿಪುಣತನವೇ ಹೊರತು ಜಾಣತನವಲ್ಲ.

ಕಿರಾಣಿಯಲ್ಲಿ ಉಳಿಸುವ ದಾರಿಗಳು ಹಲವು. ಮುಂಗಾರಿನ ಶೇಂಗಾ ಪೇಟೆಗೆ ಬರುವ ಕಾಲದಲ್ಲಿಯೇ ಎರಡು ಸೇರು ಕೊಂಡಿಟ್ಟರೆ, ಹಬ್ಬದ ವಾರದಲ್ಲಿ ಅಂಗಡಿಯವನು ಹೇಳಿದ ಬೆಲೆಗೆ ಕೊರಳೊಡ್ಡಬೇಕಾಗಿಲ್ಲ. ಉದ್ರಿಯಲ್ಲಿ ಕೊಳ್ಳುವವನು ಬೆಲೆ ಕೇಳಲಾರ. ರೊಕ್ಕ ಹಿಡಿದು ಹೋದವನು ನಾಲ್ಕು ಅಂಗಡಿ ನೋಡಬಲ್ಲ. ಐದು ಮನೆಯವರು ಕೂಡಿ ಒಂದು ಡಬ್ಬಿ ಎಣ್ಣೆ ತರಿಸಿ, ಒಂದೇ ಒಲೆಯ ಮೇಲೆ ಸರದಿಯಂತೆ ಕರಿದುಕೊಂಡರೆ ಎಣ್ಣೆಯೂ ಉರುವಲೂ ಉಳಿಯುತ್ತವೆ. ಕೆಲಸಕ್ಕೆ ಕೈಗಳು ಕೂಡುತ್ತವೆ, ಮಾತಿಗೆ ಜನ ಕೂಡುತ್ತಾರೆ. ದೇವಾಲಯದ ಅಂಗಳದಲ್ಲಿ ಎಲ್ಲರೂ ಅಕ್ಕಿಬೇಳೆ ಕೊಟ್ಟು ಸಹಭೋಜನ ಮಾಡುವುದಾದರೆ ಬಡವನ ಮನೆಯಲ್ಲಿ ಏನು ಬೇಯಿತು ಎಂಬುದು ಯಾರಿಗೂ ತಿಳಿಯುವುದಿಲ್ಲ. ಅಂಗಡಿಯ ಹೊಳೆಯುವ ನಕ್ಷತ್ರವನ್ನು ಬಿಟ್ಟು ಬಿದಿರಿನ ಕಡ್ಡಿಯನ್ನು ಸೀಳಿ, ಮೂಲೆಗಳನ್ನು ದಾರದಿಂದ ಬಿಗಿದು, ಹಿಟ್ಟಿನ ಅಂಟಿನಿಂದ ಕಾಗದ ಹಚ್ಚಿದರೆ ಮಕ್ಕಳ ಒಂದು ರವಿವಾರ ಆನಂದದಲ್ಲಿ ಕಳೆಯುತ್ತದೆ. ಹಬ್ಬ ಮುಗಿದ ಮೇಲೆ ಆ ಚೌಕಟ್ಟನ್ನು ಅಟ್ಟದ ಮೇಲಿಟ್ಟರೆ ಮುಂದಿನ ವರ್ಷ ಕಾಗದದ ಖರ್ಚು ಮಾತ್ರ.

ಆದರೂ ಒಂದು ಮಾತನ್ನು ಮುಚ್ಚಿಡಬಾರದು. ಬಂದ ಕೂಲಿಯಲ್ಲಿ ಉಳಿಸಬಹುದು. ಬಾರದ ಕೂಲಿಯಲ್ಲಿ ಉಳಿಸುವುದು ಯಾರಿಂದಲೂ ಆಗದು. ಬಡವನಿಗೆ ಉಳಿತಾಯದ ಉಪದೇಶ ಮಾಡುವವರು ಇದನ್ನು ಹಲವು ಸಲ ಮರೆಯುತ್ತಾರೆ. 2006ರಲ್ಲಿ ದೇಶದ 200 ಜಿಲ್ಲೆಗಳಲ್ಲಿ ಗ್ರಾಮೀಣ ಉದ್ಯೋಗ ಖಾತರಿಯ ಕೆಲಸ ಮೊದಲಾದಾಗ, ಕರ್ನಾಟಕದಿಂದ ಆಯ್ಕೆಯಾದ ಐದು ಜಿಲ್ಲೆಗಳಲ್ಲಿ ಗುಲಬರ್ಗಾ ಒಂದಾಗಿತ್ತು. ಯಾದಗಿರಿ, ಶಹಾಪುರ, ಸುರಪುರ ಆಗ ಅದರೊಳಗೇ ಇದ್ದವು. ಯಾದಗಿರಿಯು ಬೇರೆ ಜಿಲ್ಲೆಯಾದುದು 2010ರಲ್ಲಿ. ಕಾಲುವೆಯ ನೀರಿನ ವಿಷಯವೂ ಹೀಗೆಯೇ. ನಾರಾಯಣಪುರದ ಬಸವಸಾಗರ ಜಲಾಶಯದ ನೀರು ಹರಿದ ಹಳ್ಳಿಗಳಲ್ಲಿ ಭತ್ತದ ಗದ್ದೆಗಳು ಹಬ್ಬಿ ಕೂಲಿಯ ದಿನಗಳು ಹೆಚ್ಚಿದವು. ನೀರು ಮುಟ್ಟದ ಊರುಗಳ ಜನ ಇಂದಿಗೂ ಮುಗಿಲನ್ನೇ ನೋಡಬೇಕು. ಒಂದೇ ತಾಲ್ಲೂಕಿನ ಎರಡು ಊರುಗಳಲ್ಲಿ ಡಿಸೆಂಬರಿನ ಹಬ್ಬವು ಎರಡು ಬಗೆಯಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಹಬ್ಬದ ದಿನ ಬೆಳಗ್ಗೆ ಆರಾಧನೆ ಮುಗಿಸಿ ಬಂದ ಮಕ್ಕಳು ಕರಜಿಕಾಯಿಯ ತಟ್ಟೆಗಳನ್ನು ಹಿಡಿದು ನೆರೆಮನೆಗಳಿಗೆ ಹೊರಡುತ್ತಾರೆ. ಈ ಸೀಮೆಯಲ್ಲಿ ಬಂದ ತಟ್ಟೆಯನ್ನು ಬರಿದು ಮಾಡಿ ಮರಳಿಸುವ ರೂಢಿಯಿಲ್ಲ. ನೆರೆಮನೆಯ ಅಜ್ಜಿ ಅದನ್ನು ತೊಳೆದು ಗೂಡಿನಲ್ಲಿಡುತ್ತಾಳೆ. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ ಬಂದ ಮೇಲೆ ಅದೇ ತಟ್ಟೆಯು ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಭಜ್ಜಿ, ಪುಂಡಿಪಲ್ಯಗಳನ್ನು ಹೊತ್ತು ಹಿಂದಿರುಗುತ್ತದೆ.